ಗಣಕಯಂತ್ರದ ಹಣೆ ಮುಟ್ಟಿ ನೋಡುವುದು

ಜ್ವರ ನೋಡುವವರಲ್ಲಿ ಎರಡು ಪಂಗಡಗಳಿವೆ. ಹಣೆಯ ಮೇಲೆ ಹಿಂಗೈ ಇಟ್ಟು, 'ಮೈ ಬೆಚ್ಚಗದ, ಇವತ್ತ ಶಾಲಿಗೆ ಹೋಗಬ್ಯಾಡ' ಎಂದು ಸ್ಥಳದಲ್ಲೇ ತೀರ್ಪು ಕೊಡುವವರದು ಒಂದು. ಥರ್ಮಾಮೀಟರು ಝಾಡಿಸಿ, ನಾಲಿಗೆಯ ಕೆಳಗಿಟ್ಟು, ಎರಡು ನಿಮಿಷ ಗಡಿಯಾರ ನೋಡಿ, ಆಮೇಲೆ ಬೆಳಕಿಗೆ ಹಿಡಿದು ಕಣ್ಣು ಕಿರಿದು ಮಾಡುವವರದು ಇನ್ನೊಂದು. ಮಕ್ಕಳಿಗೆ ಯಾವತ್ತೂ ಮೊದಲನೆಯ ಪಂಗಡವೇ ಇಷ್ಟ. ಅಲ್ಲಿ ಸ್ವಲ್ಪ ನಟನೆಗೆ ಜಾಗ ಇರುತ್ತದೆ. ಪದವಿಪೂರ್ವ ಕಾಲೇಜಿನಲ್ಲಿ ವರ್ಷಗಟ್ಟಲೆ ಭೌತಶಾಸ್ತ್ರ ಹೇಳಿಕೊಟ್ಟ ನಾನು ಎರಡನೆಯ ಪಂಗಡಕ್ಕೆ ಸೇರಿದವನು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಗಣಕಯಂತ್ರದ ವಿಷಯಕ್ಕೆ ಬಂದರೆ ಮಾತ್ರ ನಮ್ಮಲ್ಲಿ ಇನ್ನೂ ಹಿಂಗೈಯವರದೇ ರಾಜ್ಯ. ಲ್ಯಾಪ್‌ಟಾಪಿನ ತಳಕ್ಕೆ ಕೈಯಿಟ್ಟು 'ಭಾಳ ಬಿಸಿ ಆಗ್ಯದ' ಎನ್ನುತ್ತಾರೆ. ಭಾಳ ಎಂದರೆ ಎಷ್ಟು? ಕೈಗೆ ಸಿಕ್ಕುವುದು ಮೇಲಿನ ಪ್ಲಾಸ್ಟಿಕ್ ಹೊದಿಕೆ. ನಿಜವಾಗಿ ಕಾಯುವುದು ಒಳಗೆ, ಹೆಬ್ಬೆರಳಿನ ಉಗುರಿನಷ್ಟು ಅಗಲದ ಸಿಲಿಕಾನ್ ಬಿಲ್ಲೆಯಲ್ಲಿ. ಅಡುಗೆಮನೆಯ ಹೊರಗೋಡೆ ಮುಟ್ಟಿ ಒಳಗೆ ಸಾರು ಕುದಿಯುತ್ತಿದೆಯೋ ಇಲ್ಲವೋ ಹೇಳಿದ ಹಾಗಾಯಿತು ಇದು.

ಈ ಮಾತು ನನಗೆ ಅಷ್ಟು ಚೆನ್ನಾಗಿ ಮನದಟ್ಟಾದದ್ದು ಅಣ್ಣನ ಮಗಳಿಂದ. ಅವಳು ಇಂಜಿನಿಯರಿಂಗ್ ಮೂರನೆಯ ವರ್ಷದಲ್ಲಿದ್ದಾಗ ಏಪ್ರಿಲ್ ತಿಂಗಳಿನಲ್ಲಿ ರಾಯಚೂರಿಗೆ ಬಂದಿದ್ದಳು. ಹತ್ತು ದಿನದೊಳಗೆ ಪ್ರಾಜೆಕ್ಟ್ ಒಪ್ಪಿಸಬೇಕು. ಆರು ವರ್ಷ ಹಳೆಯ ಲ್ಯಾಪ್‌ಟಾಪು ಅರ್ಧ ಗಂಟೆ ದುಡಿಯುತ್ತದೆ, ಆಮೇಲೆ ಮುನ್ಸೂಚನೆಯಿಲ್ಲದೆ ತಟ್ಟನೆ ಆರಿಹೋಗುತ್ತದೆ. ಅಣ್ಣ ಅದನ್ನು ಪೇಟೆಯ ಒಂದು ರಿಪೇರಿ ಅಂಗಡಿಗೆ ಒಯ್ದ. ಅಲ್ಲಿಯವರು ತಳಕ್ಕೆ ಕೈಯಿಟ್ಟು ನೋಡಿ, 'ಮದರ್‌ಬೋರ್ಡ್ ಹೋಗ್ಯದರೀ. ಹದಿನಾಲ್ಕು ಸಾವಿರ ಆಗ್ತದ. ಅದಕಿಂತ ಹೊಸಾದು ತಗೊಳ್ಳೋದು ಚಲೋ' ಎಂದರು. ಅಣ್ಣ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಹಾಸ್ಟೆಲಿಗೆಂದು ಎತ್ತಿಟ್ಟಿದ್ದ ಹಣ ಅವನ ಹತ್ತಿರ ಇತ್ತು. ಅದಕ್ಕೆ ಕೈಹಾಕಿದರೆ ಜೂನ್ ತಿಂಗಳಿಗೆ ಏನು ಎಂಬ ಚಿಂತೆ. ರಾತ್ರಿ ಊಟಕ್ಕೆ ಕೂತಾಗ, 'ತಮ್ಮಾ, ನೀ ಸೈನ್ಸ್ ಓದಿದಾವ, ನೀನೇ ಹೇಳು' ಎಂದ. ನಾನು ಬಾಯಿ ತೆರೆಯುವ ಮೊದಲೇ ಹುಡುಗಿ, 'ಅಪ್ಪಾ, ಹದಿನಾಲ್ಕು ಸಾವಿರ ಕೊಡೋಕಿಂತ ಮೊದಲ ಜ್ವರ ಎಷ್ಟದ ಅಂತ ನೋಡೂಣು' ಎಂದಳು.

ಅವಳ ಯಂತ್ರದಲ್ಲಿದ್ದುದು ಲಿನಕ್ಸ್. ತಂದೆತಾಯಂದಿರಲ್ಲಿ ಕೆಲವರಿಗಾದರೂ ಈ ಹೆಸರಿನ ಪರಿಚಯ ಬೇಕಾದೀತು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಮ್ಸನ್ ಮತ್ತು ಡೆನಿಸ್ ರಿಚಿ ಎಂಬಿಬ್ಬರು ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಕಟ್ಟಲು ತೊಡಗಿದರು. ಅದೇ ಜಾಯಮಾನದ ಒಂದು ವ್ಯವಸ್ಥೆಯ ತಿರುಳನ್ನು 1991ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಎಂಬ ಹೆಲ್ಸಿಂಕಿಯ ವಿದ್ಯಾರ್ಥಿ ಬರೆದು ಎಲ್ಲರಿಗೂ ಹಂಚಿದ. ಆಗ ಅವನಿಗೆ 21 ವರ್ಷ. ನಮ್ಮಲ್ಲಿ ಆ ವಯಸ್ಸಿನವರಿಗೆ ಬೈಕಿನ ಕೀಲಿ ಕೊಡುವುದಕ್ಕೂ ಯೋಚಿಸುತ್ತೇವೆ. ಅದೇ ಲಿನಕ್ಸ್.

ಇದರಲ್ಲಿ ಚಿತ್ರಗಳ ಮೇಲೆ ಚಿಟಿಕೆ ಹೊಡೆಯುವ ದಾರಿಯೂ ಉಂಟು, ಕಪ್ಪು ಪರದೆಯ ಮೇಲೆ ಅಕ್ಷರ ಒತ್ತಿ ಆಜ್ಞೆ ಕೊಡುವ ದಾರಿಯೂ ಉಂಟು. ಮಕ್ಕಳು ಕಪ್ಪು ಪರದೆಯ ಮುಂದೆ ಕೂತರೆ ಏನೋ ಕಳ್ಳಗಿಂಡಿ ಕೊರೆಯುತ್ತಿದ್ದಾರೆಂದು ತಂದೆತಾಯಂದಿರು ಗಾಬರಿಯಾಗುವುದನ್ನು ನಾನು ನೋಡಿದ್ದೇನೆ. ಗಾಬರಿ ಬೇಡ. ಹೋಟೆಲಿನಲ್ಲಿ ಪಟ್ಟಿಯ ಮೇಲೆ ಬೆರಳಿಟ್ಟು ತೋರಿಸುವುದಕ್ಕೂ 'ಒಂದು ಮಿರ್ಚಿ, ಒಂದು ಚಹಾ' ಎಂದು ಬಾಯಿಬಿಟ್ಟು ಹೇಳುವುದಕ್ಕೂ ಇರುವಷ್ಟೇ ವ್ಯತ್ಯಾಸ. ಪಟ್ಟಿಯಲ್ಲಿ ಇಲ್ಲದ್ದನ್ನೂ ಬಾಯಿಬಿಟ್ಟು ಕೇಳಬಹುದು ಎಂಬುದೊಂದು ಲಾಭ.

ಯುನಿಕ್ಸ್ ಮನೆತನದ ಒಂದು ಹಳೆಯ ಪದ್ಧತಿ ಎಂದರೆ, ಯಂತ್ರದೊಳಗಿನ ಎಷ್ಟೋ ಸಂಗತಿಗಳನ್ನು ಕಡತಗಳ ರೂಪದಲ್ಲಿ ತೋರಿಸುವುದು. ಲಿನಕ್ಸಿನಲ್ಲಿ ಉಷ್ಣಾಂಶವೂ ಒಂದು ಕಡತ. 'ಸಿಸ್' ಎಂಬ ಹೊರಕೋಣೆ, ಅದರೊಳಗೆ 'ಕ್ಲಾಸ್', ಅದರೊಳಗೆ 'ಥರ್ಮಲ್', ಅದರೊಳಗೆ 'ಥರ್ಮಲ್ ಝೋನ್' ಎಂದು ಹೆಸರಿಟ್ಟು ಸೊನ್ನೆಯಿಂದ ಸಂಖ್ಯೆ ಹಚ್ಚಿದ ಚಿಕ್ಕ ಚಿಕ್ಕ ಗೂಡುಗಳು. ಪ್ರತಿ ಗೂಡಿನಲ್ಲಿ 'ಟೆಂಪ್' ಎಂಬ ಕಡತ. ಅದನ್ನು ಓದಲು 'ಕ್ಯಾಟ್' ಎಂಬ ಆಜ್ಞೆ. ಕ್ಯಾಟ್ ಎಂದರೆ ಬೆಕ್ಕಲ್ಲ. ಜೋಡಿಸು ಎಂಬ ಅರ್ಥದ 'ಕಾನ್‌ಕ್ಯಾಟಿನೇಟ್' ಎಂಬ ಉದ್ದನೆಯ ಶಬ್ದದ ನಡುವಿನ ತುಂಡು. ಯುನಿಕ್ಸಿನ ಹಿರಿಯರಿಗೆ ಅಕ್ಷರ ಉಳಿಸುವುದರಲ್ಲಿ ನಮ್ಮ ಅಣ್ಣನಿಗೆ ದುಡ್ಡು ಉಳಿಸುವುದರಲ್ಲಿ ಇರುವಷ್ಟೇ ಆಸ್ಥೆ.

ಹುಡುಗಿ ಈ ಕೋಣೆಗಳ ಹೆಸರು ಹೇಳುತ್ತ ಹೋದಾಗ ಅಣ್ಣ, 'ಥರ್ಮಲ್ಲಿಗೂ ಇದಕ್ಕೂ ಏನು ಸಂಬಂಧ?' ಎಂದು ಕೇಳಿದ. ರಾಯಚೂರಿನಲ್ಲಿ ಥರ್ಮಲ್ ಎಂದರೆ ಒಂದೇ, ಶಕ್ತಿನಗರದ ವಿದ್ಯುತ್ ಸ್ಥಾವರ. 1985ರಿಂದ ಅಲ್ಲಿ ಕಲ್ಲಿದ್ದಲು ಸುಟ್ಟು ವಿದ್ಯುತ್ ಮಾಡುತ್ತಿದ್ದಾರೆ. ಸಂಬಂಧ ಇಲ್ಲದೆ ಇಲ್ಲ. ಅಲ್ಲಿ ಶಾಖದಿಂದ ವಿದ್ಯುತ್ತು, ಇಲ್ಲಿ ವಿದ್ಯುತ್ತಿನಿಂದ ಶಾಖ. ಅವರಿಗೆ ತಣಿಸಲು ಕೃಷ್ಣೆಯ ನೀರು ಬೇಕು, ಇದಕ್ಕೆ ಅಂಗೈಯಷ್ಟು ಅಗಲದ ಒಂದು ಫ್ಯಾನು ಸಾಕು.

ಯಾಕೆ ಕಾಯುತ್ತದೆ ಎಂದು ಕೇಳಬಹುದು. ಪ್ರೊಸೆಸರಿನೊಳಗೆ ಕೋಟಿಗಟ್ಟಲೆ ಟ್ರಾನ್ಸಿಸ್ಟರುಗಳು ಒಂದು ಸೆಕೆಂಡಿಗೆ ಕೋಟಿಗಟ್ಟಲೆ ಸಲ ತೆರೆದು ಮುಚ್ಚುತ್ತವೆ. ಪ್ರತಿ ಸಲವೂ ಚಿಟಿಕೆಯಷ್ಟು ವಿದ್ಯುದಂಶ ತುಂಬಬೇಕು, ಖಾಲಿ ಮಾಡಬೇಕು; ಆ ಶಕ್ತಿಯೆಲ್ಲ ಕೊನೆಗೆ ಶಾಖವಾಗುತ್ತದೆ. ವೇಗ ಹೆಚ್ಚಿದಷ್ಟೂ ಶಾಖ ಹೆಚ್ಚು, ಒತ್ತಡ ಅಂದರೆ ವೋಲ್ಟೇಜ್ ಹೆಚ್ಚಿದರೆ ಅದರ ವರ್ಗದಷ್ಟು ಹೆಚ್ಚು. ಸಾಧಾರಣ ಲ್ಯಾಪ್‌ಟಾಪಿನ ಪ್ರೊಸೆಸರು 15 ವ್ಯಾಟ್ ತಿನ್ನುತ್ತದೆ ಎಂದುಕೊಳ್ಳಿ. ಮಲಗುವ ಕೋಣೆಯ ಹಳೆಯ ಝೀರೋ ಬಲ್ಬು, ಹೆಸರು ಝೀರೋ ಆದರೂ, ಹೆಚ್ಚುಕಡಿಮೆ ಅಷ್ಟೇ ತಿನ್ನುತ್ತಿತ್ತು. ಉರಿಯುವ ಆ ಬಲ್ಬನ್ನು ಬರಿಗೈಯಲ್ಲಿ ಹಿಡಿದವರಿಗೆ ಗೊತ್ತು. ಅಷ್ಟು ಶಾಖ ಒಂದು ಉಗುರಿನಗಲದಲ್ಲಿ!

ಸರಿ, ಹುಡುಗಿ ಸೊನ್ನೆಯ ಗೂಡಿನ ಕಡತ ಓದಿಸಿದಳು. ಪರದೆಯ ಮೇಲೆ 27800 ಎಂದು ಬಂತು. ಅಣ್ಣ ಹೌಹಾರಿದ. ಇದು ಸಾವಿರದ ಲೆಕ್ಕ. ಒಂದು ಡಿಗ್ರಿಯನ್ನು ಸಾವಿರ ಪಾಲು ಮಾಡಿ ಹೇಳುತ್ತದೆ. ಲಿನಕ್ಸಿನ ತಿರುಳು ದಶಮಾಂಶದ ಗೊಡವೆಗೆ ಹೋಗದೆ ಪೂರ್ಣಾಂಕಗಳಲ್ಲೇ ವ್ಯವಹಾರ ಮುಗಿಸುತ್ತದೆ. ನಾವು ರೂಪಾಯಿ ಬಿಟ್ಟು ಪೈಸೆಯಲ್ಲೇ ಲೆಕ್ಕ ಬರೆದರೆ ಚುಕ್ಕೆ ಬೇಡವಲ್ಲ, ಹಾಗೆ. ಸಾವಿರದಿಂದ ಭಾಗಿಸಿದರೆ 27.8 ಡಿಗ್ರಿ ಸೆಲ್ಸಿಯಸ್.

'ಹಂಗಾದ್ರ ಜ್ವರ ಇಲ್ಲ' ಎಂದ ಅಣ್ಣ, ಮುಖ ಸಪ್ಪೆ ಮಾಡಿಕೊಂಡು. ಜ್ವರ ಇಲ್ಲದಿದ್ದರೆ ಮದರ್‌ಬೋರ್ಡೇ ಹೋಗಿರಬೇಕಲ್ಲ.

ಇಲ್ಲಿ ನನ್ನ ಭೌತಶಾಸ್ತ್ರ ಸ್ವಲ್ಪ ಉಪಯೋಗಕ್ಕೆ ಬಂತು. ನನ್ನ ಹತ್ತಿರ ಪ್ರಯೋಗಾಲಯದಲ್ಲಿ ಬಳಸುವಂಥ ಒಂದು ಪಾದರಸದ ಥರ್ಮಾಮೀಟರಿದೆ. ಕೋಣೆಯ ಗಾಳಿ ಆ ಹೊತ್ತಿಗೆ 36 ಡಿಗ್ರಿ ತೋರಿಸುತ್ತಿತ್ತು. ವಿದ್ಯುತ್ ತಿಂದು ಶಾಖ ಕಕ್ಕುತ್ತಿರುವ ವಸ್ತು, ಬರಿಯ ಫ್ಯಾನಿನ ಗಾಳಿಯಿಂದ ಕೋಣೆಗಿಂತ ತಣ್ಣಗಾಗುವುದು ಸಾಧ್ಯವೇ ಇಲ್ಲ. ಮಡಕೆಯ ನೀರು ತಣ್ಣಗಾಗುವುದು ಆವಿಯಾಗುವುದರಿಂದ, ಲ್ಯಾಪ್‌ಟಾಪು ಬೆವರುವುದಿಲ್ಲ. ಹಾಗಾದರೆ 27.8 ಸುಳ್ಳು. ಹುಡುಗಿ ನಾಲ್ಕು ಸಲ ಓದಿಸಿದಳು, ನಾಲ್ಕು ಸಲವೂ ಅದೇ 27800. ನಿಂತ ಗಡಿಯಾರ. ಎಷ್ಟೋ ಯಂತ್ರಗಳಲ್ಲಿ ತಯಾರಕರು ಯಾವುದೋ ಒಂದು ಗೂಡಿನಲ್ಲಿ ಹೀಗೆ ಒಂದು ಸಂಖ್ಯೆಯನ್ನು ಬರೆದಿಟ್ಟು ಕೈತೊಳೆದುಕೊಂಡಿರುತ್ತಾರೆ. ಆದ್ದರಿಂದ ವಿದ್ಯಾರ್ಥಿಗಳು ಒಂದೇ ಗೂಡು ನೋಡಿ ನಿರ್ಧಾರಕ್ಕೆ ಬರಬಾರದು. ಪ್ರತಿ ಗೂಡಿನಲ್ಲೂ 'ಟೈಪ್' ಎಂಬ ಇನ್ನೊಂದು ಕಡತ ಇರುತ್ತದೆ. ಅದು ಯಾವ ಅಂಗದ ಉಷ್ಣಾಂಶ ಎಂದು ಅಲ್ಲಿ ಬರೆದಿರುತ್ತದೆ. ಮುಂದಿನ ಗೂಡುಗಳು 74000ದ ಆಸುಪಾಸು ಹೇಳಿದವು. ಓದಿಸಿದಾಗಲೆಲ್ಲ ಸ್ವಲ್ಪ ಏರುಪೇರಾಗುತ್ತಿತ್ತು. ಸತ್ಯ ಹೇಳುವ ಮಾಪಕದ ಲಕ್ಷಣವೇ ಅದು.

ಕಡತ ಹುಡುಕುವ ರಗಳೆ ಬೇಡವೆಂದರೆ 'ಎಲ್‌ಎಮ್ ಸೆನ್ಸರ್ಸ್' ಎಂಬ ತಂತ್ರಾಂಶವಿದೆ. ನ್ಯಾಷನಲ್ ಸೆಮಿಕಂಡಕ್ಟರ್ ಕಂಪನಿಯ ಎಲ್‌ಎಮ್ 78 ಎಂಬ ಹಳೆಯ ಮಾಪಕ ಚಿಪ್ಪಿನಿಂದ ಅದಕ್ಕೆ ಆ ಹೆಸರು. ಅದನ್ನು ಹಾಕಿಕೊಂಡು, ಒಮ್ಮೆ 'ಸೆನ್ಸರ್ಸ್ ಡಿಟೆಕ್ಟ್' ಎಂಬ ಆಜ್ಞೆಯನ್ನು ಯಜಮಾನನ ಅಧಿಕಾರದಿಂದ ಕೊಟ್ಟರೆ ಅದು ಒಂದೊಂದೇ ಪ್ರಶ್ನೆ ಕೇಳುತ್ತ ಯಂತ್ರದಲ್ಲಿ ಎಲ್ಲೆಲ್ಲಿ ಮಾಪಕಗಳಿವೆ ಎಂದು ತಡಕಾಡುತ್ತದೆ. ಅದು ತಾನೇ ಸೂಚಿಸುವ ಉತ್ತರಗಳನ್ನು ಒಪ್ಪಿಕೊಳ್ಳುತ್ತ ಹೋಗುವುದು ಕ್ಷೇಮ, ಅತಿಬುದ್ಧಿ ಬೇಡ. ಆಮೇಲೆ ಬರಿದೆ 'ಸೆನ್ಸರ್ಸ್' ಎಂದು ಒತ್ತಿದರೆ ಸಾಕು. ಪ್ರೊಸೆಸರಿನ ಒಟ್ಟು ಉಷ್ಣಾಂಶ, ಒಂದೊಂದು ಕೋರಿನ ಉಷ್ಣಾಂಶ, ಪಕ್ಕದಲ್ಲಿ ಮೀರಬಾರದ ಎಲ್ಲೆ, ಎಲ್ಲವೂ ಸಾಲಾಗಿ ಬರುತ್ತವೆ. ಅದರ ಮುಂದೆ 'ವಾಚ್' ಎಂಬ ಶಬ್ದ ಸೇರಿಸಿದರೆ ಎರಡೆರಡು ಸೆಕೆಂಡಿಗೆ ತಾನಾಗಿ ಹೊಸ ಸಂಖ್ಯೆ ಬರೆಯುತ್ತದೆ. ಆ ಎಲ್ಲೆ ಹುಡುಗಿಯ ಯಂತ್ರದಲ್ಲಿ 100 ಎಂದಿತ್ತು.

ಈ ಮಾಪಕದ ಬಗ್ಗೆ ಓದಿ ತಿಳಿದಾಗ ನನಗೆ ಬಹಳ ಖುಷಿಯಾದ ಸಂಗತಿಯೊಂದಿದೆ. ಸಿಲಿಕಾನಿನ ಸಂಧಿಯೊಂದರ ಮೂಲಕ ವಿದ್ಯುತ್ ಹಾಯಿಸಿದರೆ ಅದರ ಎರಡು ತುದಿಗಳ ನಡುವಿನ ವೋಲ್ಟೇಜು, ಒಂದು ಡಿಗ್ರಿ ಬಿಸಿಯೇರಿದರೆ ಸುಮಾರು 2 ಮಿಲಿವೋಲ್ಟಿನಷ್ಟು ಇಳಿಯುತ್ತದೆ. ದ್ವಿತೀಯ ಪಿಯುಸಿಯಲ್ಲಿ ಮಕ್ಕಳು ಗ್ರಾಫ್ ಬರೆಯುವ ಆ ಡಯೋಡೇ ಇಲ್ಲಿ ಥರ್ಮಾಮೀಟರು. ಇಂಟೆಲ್ ಪ್ರೊಸೆಸರಿನ ಮಾಪಕ ಮಾತ್ರ 'ನಾನು ಇಷ್ಟು ಬಿಸಿ' ಎಂದು ಹೇಳುವುದಿಲ್ಲ, 'ಎಲ್ಲೆ ಮುಟ್ಟಲು ಇನ್ನು ಇಷ್ಟು ಬಾಕಿ' ಎಂದು ಹೇಳುತ್ತದೆ. 26 ಬಾಕಿ ಎಂದರೆ ನೂರರಲ್ಲಿ ಕಳೆದು 74 ಎಂದು ಲಿನಕ್ಸ್ ಬರೆಯುತ್ತದೆ. ಸ್ವೀಡನ್ನಿನ ಆಂಡರ್ಸ್ ಸೆಲ್ಸಿಯಸ್ 1742ರಲ್ಲಿ ತನ್ನ ಮಾಪಕ ಮಂಡಿಸಿದಾಗ ಕುದಿಯುವ ನೀರಿಗೆ ಸೊನ್ನೆ, ಹೆಪ್ಪುಗಟ್ಟುವ ನೀರಿಗೆ ನೂರು ಎಂದೇ ಇಟ್ಟಿದ್ದ. ತಲೆಕೆಳಗು ಮಾಡಿದ್ದು ಆಮೇಲಿನವರು. ಇಂಟೆಲಿನವರು ತಿಳಿದೋ ತಿಳಿಯದೆಯೋ ಹಿರಿಯನ ದಾರಿಗೆ ಮರಳಿದ್ದಾರೆ.

ಸುಮ್ಮನೆ ಕುಳಿತಾಗ 74 ಎಂದರೆ ಏನು? ಮನುಷ್ಯರಲ್ಲಿ ಎರಡು ಡಿಗ್ರಿ ಹೆಚ್ಚಾದರೆ ಮಲಗಿಬಿಡುತ್ತೇವೆ. ಪ್ರೊಸೆಸರು ಗಟ್ಟಿ ಜೀವ. ಕೆಲಸವಿಲ್ಲದಾಗ 45ರಿಂದ 60, ಮೈಮುರಿದು ದುಡಿಯುವಾಗ 75ರಿಂದ 90, ಇದು ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯ. ಕೆಲಸವಿಲ್ಲದಾಗಲೇ 74 ಇದ್ದರೆ ದುಡಿಯುವಾಗ ಏನಾದೀತು? ಹುಡುಗಿ ಅದನ್ನೂ ನೋಡಿಯೇಬಿಟ್ಟಳು. ಯುನಿಕ್ಸಿನಲ್ಲಿ 'ಯೆಸ್' ಎಂಬ ವಿಚಿತ್ರ ಆಜ್ಞೆಯೊಂದಿದೆ. ಅದರ ಕೆಲಸ, ನಿಲ್ಲಿಸುವವರೆಗೂ 'ವೈ, ವೈ, ವೈ' ಎಂದು ಹೂಂಗುಡುತ್ತಲೇ ಇರುವುದು. ಆ ಹೂಂಗುಟ್ಟುವಿಕೆಯನ್ನು 'ನಲ್' ಎಂಬ ತಳವಿಲ್ಲದ ಗುಂಡಿಗೆ ಸುರಿದರೆ ಪರದೆ ತುಂಬುವುದಿಲ್ಲ, ಆದರೆ ಒಂದು ಕೋರಿಗೆ ಪುರಸೊತ್ತೇ ಇರುವುದಿಲ್ಲ. ಒಂದು ಯೆಸ್ ಓಡಿಸಿದಳು: 88. ನಾಲ್ಕು ಓಡಿಸಿದಳು: ನಲವತ್ತು ಸೆಕೆಂಡಿನಲ್ಲಿ 99. ಆಗ ಇನ್ನೊಂದು ಕಿಟಕಿಯಲ್ಲಿ 2700 ಮೆಗಾಹರ್ಟ್ಸ್ ಎಂದಿದ್ದ ವೇಗ 900ಕ್ಕೆ ಕುಸಿಯಿತು. ಕೂಡಲೇ ಎಲ್ಲವನ್ನೂ ನಿಲ್ಲಿಸಿದಳು.

ಆ ಕುಸಿತ ರೋಗವಲ್ಲ, ರಕ್ಷಣೆ. ಮೈ ಕಾದರೆ ಪ್ರೊಸೆಸರು ತಾನೇ ನಡಿಗೆ ನಿಧಾನ ಮಾಡುತ್ತದೆ. ಅದರಿಂದಲೂ ಆಗದಿದ್ದರೆ ವ್ಯವಸ್ಥೆ ಯಂತ್ರವನ್ನೇ ಆರಿಸಿಬಿಡುತ್ತದೆ. ಮೊದಲೆಲ್ಲ ಹೀಗಿರಲಿಲ್ಲ. 2001ರಲ್ಲಿ ಟಾಮ್ಸ್ ಹಾರ್ಡ್‌ವೇರ್‌ನವರು ಓಡುತ್ತಿರುವ ಯಂತ್ರಗಳಿಂದ ಶಾಖಹೀರಕಗಳನ್ನು ಕಿತ್ತುತೆಗೆದು ಚಿತ್ರ ಹಿಡಿದಿದ್ದರು. ಪೆಂಟಿಯಂ 4 ಕುಂಟುತ್ತ ಓಡಿತು. ಆ ಕಾಲದ ಅಥ್ಲಾನ್ ಹೊಗೆಯಾಡಿ ಸುಟ್ಟುಹೋಯಿತು. ಈಗ ಎಲ್ಲ ಕಂಪನಿಗಳ ಪ್ರೊಸೆಸರುಗಳಲ್ಲೂ ಈ ಕಾವಲು ಇದೆ.

ಇನ್ನು ಕೊನೆಯ ಸಾಕ್ಷಿ. ಲಿನಕ್ಸ್ ದಿನಚರಿ ಬರೆಯುವ ಪ್ರಾಣಿ. 'ಜರ್ನಲ್ ಸಿಟಿಎಲ್' ಎಂಬ ಆಜ್ಞೆಗೆ 'ಹಿಂದಿನ ಸಲದ್ದು ತೋರಿಸು' ಎಂದು ಹೇಳಿದರೆ, ಕಳೆದ ಬಾರಿ ಯಂತ್ರ ಆರುವ ಮುನ್ನ ಏನೇನಾಯಿತು ಎಂಬುದು ಸಿಗುತ್ತದೆ. ಉಷ್ಣಾಂಶ ಎಲ್ಲೆ ಮೀರಿದೆ, ವೇಗ ತಗ್ಗಿಸಲಾಗಿದೆ ಎಂದು ಸಾಲುಸಾಲಾಗಿ ಬರೆದಿತ್ತು. ಕೊಟ್ಟಕೊನೆಯಲ್ಲಿ, ಅಪಾಯದ ಉಷ್ಣಾಂಶ ಮುಟ್ಟಿದೆ, ಬಾಗಿಲು ಹಾಕುತ್ತಿದ್ದೇನೆ ಎಂಬ ಒಂದು ವಾಕ್ಯ. ಹುಡುಗಿ ಗಂಟೆ ನಿಮಿಷ ತಾಳೆ ನೋಡಿದಳು, ಸರಿಹೋಯಿತು. ಮದರ್‌ಬೋರ್ಡು ಸತ್ತಿದ್ದರೆ ಇಷ್ಟು ಅಚ್ಚುಕಟ್ಟಾಗಿ ವಿದಾಯಪತ್ರ ಬರೆದಿಟ್ಟು ಹೋಗುತ್ತಿರಲಿಲ್ಲ.

ಮರುದಿನ ಲ್ಯಾಪ್‌ಟಾಪನ್ನು ತೀನ್ ಕಂದೀಲಿನ ಹತ್ತಿರ ಕೂರುವ ಗಡಿಯಾರ ರಿಪೇರಿಯವರ ಬಳಿ ಒಯ್ದೆವು. ಅಷ್ಟು ಸಣ್ಣ ತಿರುಪುಮೊಳೆಗೆ ಹೊಂದುವ ಸ್ಕ್ರೂಡ್ರೈವರು ಊರಲ್ಲಿ ಅವರ ಹತ್ತಿರ ಖಂಡಿತ ಇರುತ್ತದೆ ಎಂಬುದು ಅಣ್ಣನ ಬುದ್ಧಿವಂತಿಕೆ. ಯಂತ್ರ ಆರಿಸಿ, ಚಾರ್ಜರು ಕಿತ್ತು, ಒಳಗೆ ಬ್ಯಾಟರಿಯ ಜೋಡಣೆ ಬಿಡಿಸಿ ಫ್ಯಾನ್ ಬಿಚ್ಚಿದರು. ಫ್ಯಾನಿನ ಬಾಯಿಗೂ ತಾಮ್ರದ ತೆಳುರೆಕ್ಕೆಗಳಿಗೂ ನಡುವೆ ಬೂದುಬಣ್ಣದ ಒಂದು ಹಾಸು ಬೆಳೆದಿತ್ತು. ಚಿಮಟಿಗೆಯಿಂದ ಎಳೆದರೆ ಕಂಬಳಿಯ ತುಂಡಿನಂತೆ ಇಡಿಯಾಗಿಯೇ ಬಂತು. ಅಣ್ಣ ಅದನ್ನು ಎರಡು ಬೆರಳಲ್ಲಿ ಹೊಸಕಿ ನೋಡಿ, 'ಇದು ನಮ್ಮ ಮಿಲ್ಲಿನ ಮಾಲೇ' ಎಂದ. ಅವನ ಬಟ್ಟೆಗಂಟಿ ಮನೆಗೆ ಬಂದ ಹತ್ತಿಯ ನವಿರು, ಕೌದಿಯ ದೂಳು. ಹುಡುಗಿ ಮಂಚದ ಮೇಲೆ ಕೌದಿ ಹಾಸಿಕೊಂಡು, ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಓದುವುದು. ಗಾಳಿ ಎಳೆದುಕೊಳ್ಳುವ ಕಂಡಿ ಇರುವುದು ತಳದಲ್ಲಿ! ಕೌದಿ ಅದಕ್ಕೆ ಮೂಗು ಮುಚ್ಚಿದಂತಾಗುತ್ತಿತ್ತು.

ರೆಕ್ಕೆಗಳಿಗೆ ಊದುವಾಗ ಫ್ಯಾನು ಗಿರಗಿರ ತಿರುಗದಂತೆ ಬೆರಳಿಂದ ಹಿಡಿಯಬೇಕು ಎಂದು ಹುಡುಗಿ ಹೇಳಿದಳು. ಪ್ರೊಸೆಸರಿಗೂ ತಾಮ್ರಕ್ಕೂ ನಡುವೆ ಸವರಿದ ಶಾಖವಾಹಕ ಲೇಪ ಒಣಗಿ ಸುಣ್ಣದ ಹಕ್ಕಳೆಯಂತಾಗಿತ್ತು. ಅದನ್ನು ಒರೆಸಿ, ನೂರೈವತ್ತು ರೂಪಾಯಿಯ ಹೊಸ ಲೇಪವನ್ನು ತೊಗರಿಬೇಳೆಯಷ್ಟು ಇಟ್ಟು ಒತ್ತಿದರು. ಹೆಚ್ಚು ಹಾಕಿದರೆ ಹೆಚ್ಚು ತಂಪಲ್ಲ. ಅದರ ಕೆಲಸ ಎರಡು ಮುಖಗಳ ನಡುವಿನ ಕಣ್ಣಿಗೆ ಕಾಣದ ತಗ್ಗುಗಳನ್ನು ತುಂಬಿ ಗಾಳಿಯನ್ನು ಹೊರಗೆ ಹಾಕುವುದು, ಅಷ್ಟೇ.

ಅಂದು ಸಂಜೆಯ ಲೆಕ್ಕ ಅವಳ ನೋಟ್‌ಬುಕ್ಕಿನಲ್ಲಿದೆ. ಕೋಣೆ 36. ಸುಮ್ಮನಿದ್ದಾಗ 54. ನಾಲ್ಕು ಯೆಸ್ ಹತ್ತು ನಿಮಿಷ ಓಡಿಸಿದರೆ 81, ಅಲ್ಲಿಂದ ಮೇಲೆ ಹೋಗಲಿಲ್ಲ. ಪ್ರಾಜೆಕ್ಟು ಎರಡು ದಿನ ಮೊದಲೇ ಮುಗಿಯಿತು. ಮೇ ತಿಂಗಳಲ್ಲಿ ಕೋಣೆಯೇ 41 ಆದ ದಿನ ಯಂತ್ರ ಸುಮ್ಮನಿದ್ದಾಗ 59 ತೋರಿಸಿತು. ಅಣ್ಣ ಮತ್ತೆ ಕಂಗಾಲಾದ. ಆದರೆ ಕೋಣೆಗೂ ಅದಕ್ಕೂ ಇರುವ ಅಂತರ ಅದೇ 18. ಬಿಸಿಲುನಾಡಿನವರು ಬೆಂಗಳೂರಿನ ಗೆಳೆಯರ ಯಂತ್ರದ ಸಂಖ್ಯೆಯೊಂದಿಗೆ ತಮ್ಮದನ್ನು ಹೋಲಿಸಿ ಕೊರಗುವುದು ಬೇಡ. ಈ ಅಂತರವನ್ನು ನೋಡಬೇಕು.

ಬೇರೆ ಯಂತ್ರದವರಿಗೂ ಎರಡು ಮಾತು. ಫ್ರೀಬಿಎಸ್‌ಡಿ ಇದ್ದರೆ 'ಕೋರ್‌ಟೆಂಪ್' ಎಂಬ ತುಣುಕನ್ನು ಸೇರಿಸಿಕೊಂಡು 'ಸಿಸ್‌ಸಿಟಿಎಲ್' ಆಜ್ಞೆಯಿಂದ ಕೇಳಬೇಕು; ಎಎಮ್‌ಡಿ ಪ್ರೊಸೆಸರಾದರೆ ಆ ತುಣುಕಿನ ಹೆಸರು 'ಎಎಮ್‌ಡಿಟೆಂಪ್'. ಓಪನ್‌ಬಿಎಸ್‌ಡಿಯಲ್ಲಿ ಅದೇ ಆಜ್ಞೆಗೆ 'ಎಚ್‌ಡಬ್ಲ್ಯು ಸೆನ್ಸರ್ಸ್' ಎಂದರೆ ಸಾಕು. ರಾಸ್ಪ್‌ಬೆರಿ ಪೈ ಎಂಬ ಅಂಗೈಗಣಕಕ್ಕೆ 'ವಿಸಿಜೆನ್‌ಕಮ್ಯಾಂಡ್' ಎಂಬ ತನ್ನದೇ ಆಜ್ಞೆಯಿದೆ. ಅದು 80ರ ಮೇಲೆ ಹೋದರೆ ನಿಧಾನವಾಗತೊಡಗುತ್ತದೆ. ಒಂದು ಯಂತ್ರದೊಳಗೆ ಕಲ್ಪಿತವಾಗಿ ನಡೆಸುವ ಇನ್ನೊಂದು ಯಂತ್ರದಲ್ಲಿ ಕೂತು ಕೇಳಿದರೆ ಸಾಮಾನ್ಯವಾಗಿ ಉತ್ತರವೇ ಬರುವುದಿಲ್ಲ. ಬಾಡಿಗೆ ಕೋಣೆಯಲ್ಲಿ ಇರುವವನಿಗೆ ಅಡಿಪಾಯದ ಸುದ್ದಿ ಎಲ್ಲಿಂದ ಗೊತ್ತಾಗಬೇಕು?

ಗಡಿಯಾರದವರು ಕೂಲಿ ತೆಗೆದುಕೊಳ್ಳಲಿಲ್ಲ. ಬದಲಿಗೆ, 'ನಮ್ಮ ಹುಡುಗನ ಕಂಪ್ಯೂಟರೂ ಹಿಂಗೇ ಬಂದ್ ಆಗ್ತದವ್ವಾ, ಮುಟ್ಟಿದ್ರ ಬಿಸಿ ಅದ. ಒಂದಿಷ್ಟು ನೋಡಿ ಹೋಗು' ಎಂದರು. ಅದರಲ್ಲಿ ಲಿನಕ್ಸ್ ಇರಲಿಲ್ಲ. ಇಲ್ಲದಿದ್ದರೂ ನಡೆಯುತ್ತದೆ, ಪೆನ್‌ಡ್ರೈವಿನಲ್ಲಿ ಲಿನಕ್ಸ್ ಒಯ್ದು, ಯಂತ್ರದೊಳಗೆ ಏನನ್ನೂ ಬದಲಿಸದೆ ಅದರಿಂದಲೇ ಚಾಲೂ ಮಾಡಬಹುದು. ಹುಡುಗಿ ಹಾಗೆಯೇ ಮಾಡಿದಳು. ಸುಮ್ಮನಿದ್ದಾಗ 46, ಹೂಂಗುಟ್ಟಿಸಿದಾಗ 68. ಜ್ವರವೇ ಇರಲಿಲ್ಲ. ಅವಳು ಗೋಡೆಯ ಪ್ಲಗ್ಗನ್ನು ಸ್ವಲ್ಪ ಅಲ್ಲಾಡಿಸಿದಳು, ಕಂಪ್ಯೂಟರು ಆರಿತು. ಗಡಿಯಾರದವರು ಒಳಗಿನಿಂದ ತಮ್ಮ ಸ್ಕ್ರೂಡ್ರೈವರ್ ಡಬ್ಬಿ ತಂದು, ಮೇನ್ ಸ್ವಿಚ್ ಆರಿಸಲು ಮಗನನ್ನು ಕಳಿಸಿದರು.